ಕೆಜಿಎಫ್‌ನಲ್ಲಿ ಸ್ವಂತ ಘಟಕ ಹಾಕಬೇಕಾ? ಸಹಾಯಧನ ಪಡೆಯುವ ದಾರಿ ಹೀಗಿದೆ

ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಇವತ್ತಿಗೂ ಊರಿನ ಎಷ್ಟೋ ಜನ ಬೆಳಗ್ಗೆ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಊರಲ್ಲೇ ಒಂದು ಹೊಲಿಗೆ ಘಟಕವೋ, ಬೇಕರಿಯೋ, ಲೇತ್ ವರ್ಕ್‌ಶಾಪೋ ಹಾಕೋಣ ಅಂದುಕೊಂಡವರಿಗೆ ಸರ್ಕಾರದ ದುಡ್ಡು ಇದೆ. ಆದರೆ ಅದಕ್ಕೆ ಕೈ ಹಾಕುವ ಮೊದಲು ಒಂದು ವಿಷಯ ತಿಳಿದಿರಬೇಕು.

ಹೆಚ್ಚಿನ ಜನ ಹೋಗುವುದು ಪಿಎಂಇಜಿಪಿಗೆ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಗೆ. ತಯಾರಿಕೆ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗೆ ಯೋಜನಾ ವೆಚ್ಚ ಇರಬಹುದು. ಸಹಾಯಧನ ನಗರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೆ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಕೆಜಿಎಫ್ ಊರಿರುವ ರಾಬರ್ಟ್‌ಸನ್‌ಪೇಟೆ ನಗರಸಭೆ ವ್ಯಾಪ್ತಿ ಈ ಲೆಕ್ಕದಲ್ಲಿ ಬರೀ ನಗರ. ಗಣಿ ಮುಚ್ಚಿ ಕೆಲಸ ಹೋದ ಊರು ಅಂತ ಒಂದು ಪೈಸೆಯೂ ಜಾಸ್ತಿ ಸಿಗುವುದಿಲ್ಲ. ಇದು ಸರಿಯಲ್ಲ, ಬದಲಾಗಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮೊದಲ ಹೆಜ್ಜೆ ಜಾಗ. ಒಬ್ಬ ಮಹಿಳೆ 10 ಲಕ್ಷದ ಹೊಲಿಗೆ ಘಟಕ ಹಾಕುತ್ತಾರೆ ಅಂತಿಟ್ಟುಕೊಳ್ಳಿ. ಕೈಯಿಂದ ಹಾಕಬೇಕಾದದ್ದು ಶೇ 5, ಅಂದರೆ 50 ಸಾವಿರ. ಉಳಿದ 9.5 ಲಕ್ಷ ಬ್ಯಾಂಕ್ ಸಾಲ. ನಗರಸಭೆ ಒಳಗಿದ್ದರೆ ಸಹಾಯಧನ 2.5 ಲಕ್ಷ, ಗಡಿ ದಾಟಿ ಗ್ರಾಮ ಪಂಚಾಯಿತಿಯಲ್ಲಿದ್ದರೆ 3.5 ಲಕ್ಷ. ಒಂದು ಲಕ್ಷದ ಆಸೆಗೆ ಸುಮ್ನೆ ಊರಾಚೆ ಹೋಗಬೇಡಿ, ಹೊಲಿಯುವ ಹೆಣ್ಣುಮಕ್ಕಳು ನಡೆದು ಬರುವಷ್ಟು ದೂರವಿದೆಯಾ, ಬಟ್ಟೆ ಸಾಗಿಸೋಕೆ ಎಷ್ಟಾಗುತ್ತೆ, ಬಾಡಿಗೆ ಎಷ್ಟು ಅಂತೆಲ್ಲಾ ಕೂಡಿಸಿ ಕಳೆದು ನೋಡಿ. ಗಣಿ ಕಂಪನಿಯ ಕ್ವಾರ್ಟರ್ಸ್‌ನಲ್ಲಿ ವಾಸವಿರುವವರು ಇನ್ನೂ ಹುಷಾರಾಗಿರಬೇಕು. ಆ ಜಾಗ ನಿಮ್ಮ ಹೆಸರಲ್ಲಿಲ್ಲ, ದಾಖಲೆ ಕೇಳಿದರೆ ಕೊಡೋಕೆ ಏನೂ ಇರುವುದಿಲ್ಲ. ಆಂಡರ್ಸನ್‌ಪೇಟೆಯಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಮಳಿಗೆ ನೋಡಿ ಬಾಡಿಗೆ ಕರಾರು ಮಾಡಿಕೊಳ್ಳುವುದೇ ಒಳ್ಳೆಯದು.

ಎರಡನೆಯದು ಯೋಜನಾ ವರದಿ. ಯಂತ್ರದ ಕೊಟೇಶನ್, ಕಚ್ಚಾ ಮಾಲು, ಸಂಬಳ, ತಿಂಗಳ ಮಾರಾಟ ಎಲ್ಲಾ ಇದರಲ್ಲಿರಬೇಕು. ಜಮೀನಿನ ಬೆಲೆ ಸೇರಿಸುವಂತಿಲ್ಲ. ಬೇರೆಯವರ ವರದಿ ನಕಲು ಮಾಡಿ ಕೊಟ್ಟರೆ ಬ್ಯಾಂಕ್ ಮ್ಯಾನೇಜರ್ ಕೇಳುವ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತೆ. ದಿನಕ್ಕೆ ಎಷ್ಟು ಚೂಡಿದಾರ್, ಒಂದಕ್ಕೆ ಎಷ್ಟು ಉಳಿಯುತ್ತೆ, ಕೊಳ್ಳುವ ಅಂಗಡಿ ಯಾವುದು, ಇಷ್ಟನ್ನು ಕಾಗದ ನೋಡದೆ ನೀವೇ ಹೇಳುವ ಹಾಗಿರಬೇಕು.

ಆಮೇಲೆ ಆನ್‌ಲೈನ್ ಅರ್ಜಿ. ಏಜೆನ್ಸಿ ಜಾಗದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಅಂತ ಆರಿಸಿ, ಕಚೇರಿ ಕೋಲಾರದಲ್ಲೇ ಇದೆ. ಆಧಾರ್, ಫೋಟೋ, ಜಾತಿ ಪ್ರಮಾಣಪತ್ರ, ವರದಿ ಬೇಕು. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ಅರ್ಜಿಗೆ ಶುಲ್ಕ ಇಲ್ಲ, ಯಾವ ದಲ್ಲಾಳಿಯೂ ಬೇಕಿಲ್ಲ.

ಸಾಲ ಮಂಜೂರಾಗುವ ತನಕ ಯಂತ್ರ ಕೊಳ್ಳಬೇಡಿ. ಈ ಯೋಜನೆ ಹೊಸ ಘಟಕಕ್ಕೆ ಮಾತ್ರ. ಆತುರದಿಂದ ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ‘ಉದ್ಯಮ್’ ನೋಂದಣಿ ಮಾಡಿಸಿ, ಬಿಲ್ ಬುಕ್ ಹೊಡೆಸಿಬಿಟ್ಟರೆ ಹಳೇ ಘಟಕ ಅಂತ ತಕರಾರು ಬರಬಹುದು. ಜಾಮೀನಿಗೆ ಮನೆ ಪತ್ರ ತನ್ನಿ ಅಂತ ಬ್ಯಾಂಕಿನವರು ಅಂದರೆ, 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅನ್ನೋ ರಿಸರ್ವ್ ಬ್ಯಾಂಕ್ ನಿಯಮವನ್ನು ಸಮಾಧಾನದಿಂದಲೇ ನೆನಪಿಸಿ.

ಸಹಾಯಧನ ಕೈಗೆ ಬರುವುದಿಲ್ಲ, ಅದನ್ನೂ ತಿಳಿದಿರಿ. ನಿಮ್ಮ ಹೆಸರಲ್ಲಿ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತಿರುತ್ತೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ. ಮೂರು ವರ್ಷ ಆದ ಮೇಲೆ ಅಧಿಕಾರಿಗಳು ಬಂದು ಘಟಕ ನಡೆಯುತ್ತಿದೆಯಾ ಅಂತ ನೋಡುತ್ತಾರೆ. ನಡೆಯುತ್ತಿದ್ದರೆ ಸಾಲಕ್ಕೆ ಜಮಾ. ಮಧ್ಯೆ ಬಾಗಿಲು ಹಾಕಿದರೆ ಹಣ ಸರ್ಕಾರಕ್ಕೆ ವಾಪಸ್ ಹೋಗಬಹುದು.

ತಿನ್ನುವ ಪದಾರ್ಥ ಮಾಡುವವರಾದರೆ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗಿರುವ ಪ್ರಧಾನಮಂತ್ರಿ ಯೋಜನೆ ನೋಡಿ. ಇಲ್ಲಿ ನಗರ, ಹಳ್ಳಿ ಅಂತ ಭೇದವಿಲ್ಲ. ಯೋಜನೆಯ ಶೇ 35ಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ ಶೇ 50 ಕೊಡುತ್ತೆ, ಹೆಚ್ಚೆಂದರೆ 15 ಲಕ್ಷ. ಈ ಯೋಜನೆಯಲ್ಲಿ ಕೋಲಾರ ಜಿಲ್ಲೆಗೆ ಆರಿಸಿರುವ ಬೆಳೆ ಟೊಮೆಟೊ, ಸಾಸ್, ಪ್ಯೂರಿ ಮಾಡುವವರಿಗೆ ಇದು ಚೆನ್ನಾಗಿ ಹೊಂದುತ್ತೆ. ಈಗಾಗಲೇ ನಡೆಯುತ್ತಿರುವ ಬೇಕರಿ, ಹಪ್ಪಳ, ಚಟ್ನಿಪುಡಿ ಘಟಕ ದೊಡ್ಡದು ಮಾಡೋಕೂ ಬರುತ್ತೆ. ಕೃಷಿ ಇಲಾಖೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರು ಅಂತ ಕೇಳಿ, ವರದಿ ಬರೆಯುವುದರಿಂದ ಬ್ಯಾಂಕಿನ ತನಕ ಅವರೇ ಜೊತೆಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರು ದೊಡ್ಡ ಸಾಲಕ್ಕೆ ಕೆಎಸ್‌ಎಫ್‌ಸಿಯಲ್ಲೂ, ಅಂದರೆ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯಲ್ಲೂ ವಿಚಾರಿಸಿ, ಬಡ್ಡಿ ಸಹಾಯಧನ ಕಳೆದರೆ ಕೈಯಿಂದ ಕಟ್ಟುವ ಬಡ್ಡಿ ಶೇ 4ಕ್ಕೆ ಇಳಿಯುತ್ತೆ. ಯಾವುದಕ್ಕೇ ಹೋದರೂ ಅರ್ಜಿ ಹಾಕುವ ವಾರ ಆ ವರ್ಷದ ಸಹಾಯಧನದ ದರ, ಎಷ್ಟು ಘಟಕಕ್ಕೆ ಕೊಡುವ ಗುರಿಯಿದೆ ಎರಡನ್ನೂ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.