ಮಳೆಗಾಲದಲ್ಲಿ ಕುದುರೆಯ ಮೈ: ಹಕ್ಕಳೆ ರೋಗಕ್ಕೆ ನಾನು ಮಾಡುವ ಆರೈಕೆ

ಮಳೆಗಾಲದಲ್ಲಿ ಕುದುರೆಯ ಬೆನ್ನನ್ನು ಕಣ್ಣಿನಿಂದ ನೋಡಿದರೆ ಸಾಲದು, ಬೆರಳಿನಿಂದ ತಡವಬೇಕು. ಕೂದಲು ಮೇಲೆ ನುಣುಪಾಗಿಯೇ ಇರುತ್ತದೆ. ಅಡಿಯಲ್ಲಿ ಹರಳುಹರಳಾಗಿ ಏನೋ ತಾಗುತ್ತದೆ. ಅಲ್ಲಿ ಮೆಲ್ಲನೆ ಎಳೆದರೆ ಕೂದಲಿನ ಒಂದು ಕುಚ್ಚು ಹಕ್ಕಳೆಯ ಸಮೇತ ಕಿತ್ತು ಬರುತ್ತದೆ, ಬಣ್ಣ ಬಳಿಯುವ ಬ್ರಷ್ಷಿನ ತುದಿಯ ಹಾಗೆ. ಕೆಳಗೆ ತೆಳು ಕೀವು, ಗುಲಾಬಿ ಬಣ್ಣದ ಹಸಿ ಚರ್ಮ.

ಕೊಡಗಿನ ನಮ್ಮ ಲಾಯದಲ್ಲಿ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ಹಿಡಿದರೆ ಈ ಕಾಟ ತಪ್ಪಿದ್ದಲ್ಲ. ಇದನ್ನು ತರುವುದು ಡರ್ಮಟೋಫಿಲಸ್ ಕಾಂಗೋಲೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಚರ್ಮ ಒದ್ದೆಯಾಗಿಯೇ ಉಳಿದು, ಎಲ್ಲೋ ಒಂದು ಸಣ್ಣ ಗೀರೋ ನೊಣ ಕಚ್ಚಿದ ಗಾಯವೋ ಇದ್ದರೆ ಅದಕ್ಕೆ ಸಾಕು. ಹುಳುಕಡ್ಡಿಯೂ ಮೊದಮೊದಲು ಹೀಗೇ ಕಾಣುವುದರಿಂದ ಪಶುವೈದ್ಯರಿಗೆ ಹಕ್ಕಳೆ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತೇನೆ. ದುಂಡು ಕಣಗಳು ಜೋಡಿ ಸಾಲಾಗಿ ಕಂಡರೆ ಇದೇ ರೋಗ.

ಒಣ ಹಕ್ಕಳೆಯನ್ನು ಕೆರೆದು ತೆಗೆಯಲು ನಾನು ಯಾರಿಗೂ ಬಿಡುವುದಿಲ್ಲ. ಕುದುರೆಗೆ ನೋವು, ಚರ್ಮಕ್ಕೆ ಹೊಸ ಗಾಯ. ಮೊದಲು ಸುತ್ತಲಿನ ಉದ್ದ ಕೂದಲನ್ನು ಕತ್ತರಿಸುತ್ತೇನೆ. ಆಮೇಲೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಇರುವ ಶಾಂಪೂವನ್ನು ಬೆಚ್ಚಗಿನ ನೀರಿನಲ್ಲಿ ನೊರೆ ಬರಿಸಿ ಹಚ್ಚಿ, ಹತ್ತು ನಿಮಿಷ ಹಾಗೇ ಬಿಡುತ್ತೇನೆ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ಔಷಧಿ ನೀರಿನ ಪಾಲು. ಕಣ್ಣಿಗೆ ಮಾತ್ರ ತಾಗಿಸಬಾರದು. ನೆನೆದು ತಾನಾಗಿ ಸಡಿಲವಾದ ಹಕ್ಕಳೆಯನ್ನಷ್ಟೇ ತೆಗೆದು, ಲಾಯದ ನೆಲಕ್ಕೆ ಬೀಳದಂತೆ ಒಂದು ಡಬ್ಬಿಗೆ ಹಾಕುತ್ತೇನೆ. ಒಣಗಿದ ಹಕ್ಕಳೆಯೊಳಗೆ ಈ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಬದುಕಿರುತ್ತದೆ.

ತೊಳೆದ ಮೇಲೆ ಒಣಗಿಸುವುದೇ ದೊಡ್ಡ ಕೆಲಸ. ಮಡಿಕೇರಿಯ ಕಡೆ ಜುಲೈ ತಿಂಗಳಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಒಣ ಟವೆಲ್ಲುಗಳನ್ನು ಬದಲಿಸುತ್ತಾ ಒರೆಸಿ, ಫ್ಯಾನಿನ ಎದುರು ನಿಲ್ಲಿಸುತ್ತೇವೆ. ಗೊರಸಿನ ಮೇಲ್ಗಡೆ, ಕಾಲಿನ ಹಿಂದಿನ ಕುಳಿಯಲ್ಲಿ ನೀರು ಉಳಿದರೆ ಅಲ್ಲಿಯೇ ಮತ್ತೆ ಬಿರುಕು, ಅದರಲ್ಲೂ ಬಿಳಿ ಕಾಲಿನ ಕುದುರೆಗೆ.

ನಮ್ಮ ಲಾಯದ ಹಿರಿಯ ಕೆಲಸಗಾರರಿಗೂ ನನಗೂ ಒಂದೇ ಜಗಳ. "ಹೊಂಗೆ ಎಣ್ಣೆ, ಅರಿಸಿನ ಹಚ್ಚದಿದ್ದರೆ ಹೇಗೆ ವಾಸಿಯಾಗುತ್ತದೆ ಸ್ವಾಮಿ?" ಎನ್ನುತ್ತಾರೆ ಅವರು. ಹಸಿ ಗಾಯದ ಮೇಲೆ ದಪ್ಪಗೆ ಎಣ್ಣೆ ಬಳಿದರೆ ತೇವ ಒಳಗೇ ಉಳಿಯುತ್ತದೆ, ಈ ರೋಗಕ್ಕೆ ಬೇಕಾದದ್ದೂ ಅದೇ ಎಂಬುದು ನನ್ನ ವಾದ. ಕೊನೆಗೆ ಎಣ್ಣೆಯನ್ನು ಜೀನಿನ ಚರ್ಮಕ್ಕೆ ಬಿಟ್ಟುಕೊಟ್ಟು ರಾಜಿಯಾಗಿದ್ದೇವೆ.

ಕಾಲು ಊದಿಕೊಂಡರೆ, ಕುಂಟಿದರೆ, ಜ್ವರ ಬಂದರೆ ಶಾಂಪೂವಿನಿಂದ ಆಗದು. ಆಗ ಆಂಟಿಬಯೋಟಿಕ್ ಬೇಕೇ, ಯಾವುದು, ಎಷ್ಟು ದಿನ ಎಂಬುದು ವೈದ್ಯರ ತೀರ್ಮಾನ. ಉಳಿದ ಹಳೆಯ ಇಂಜೆಕ್ಷನ್ನನ್ನು ಇನ್ನೊಂದು ಕುದುರೆಗೆ ಚುಚ್ಚುವ ಅಭ್ಯಾಸವನ್ನು ನಾನು ಸುತರಾಂ ಒಪ್ಪುವುದಿಲ್ಲ.

ತಡೆಗಟ್ಟಲು ಪ್ರತಿ ಕುದುರೆಗೂ ಬೇರೆ ಬ್ರಷ್, ಬೇರೆ ಜೀನುಬಟ್ಟೆ. ಬೆವರಿನಲ್ಲಿ ನೆನೆದ ಬಟ್ಟೆಯನ್ನು ಒಗೆಯದೆ ಮರುದಿನ ಹಾಕುವಂತಿಲ್ಲ. ಬೇಸಿಗೆಯಲ್ಲಿ ಜೀನಿನ ಅಡಿಯಲ್ಲಿ ಏಳುವ ನೋವಿನ ಗುಳ್ಳೆಗಳಿಗೆ ಬೆವರು, ತಿಕ್ಕಾಟ, ಕೊಳೆ ಮೂರೂ ಸೇರುತ್ತವೆ. ಹಾಸಿದ ಮರದ ಹೊಟ್ಟಿನಲ್ಲಿ ಒದ್ದೆಯಾದದ್ದನ್ನು ಬೆಳಿಗ್ಗೆ ಸಂಜೆ ತೆಗೆಸುತ್ತೇನೆ. ಹಕ್ಕಳೆ ಮುಟ್ಟುವವರು ಕೈಗವಸು ಹಾಕಲೇಬೇಕು, ಏಕೆಂದರೆ ಇದು ಮನುಷ್ಯರಿಗೂ ಅಂಟುತ್ತದೆ.