ಕೆಂಚನ ಬೊಗಳಾಟ ಮತ್ತು ನನಗೆ ಕೇಳದ ಸದ್ದು

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ, ಪಕ್ಕದ ಮನೆಯ ಹುಡುಗ ನಮ್ಮ ಗೇಟಿನ ಮುಂದೆ ನಿಂತಿದ್ದ. ಕಣ್ಣುಗಳು ಕೆಂಡದಂತಿದ್ದವು. ಅವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ರಾತ್ರಿ ಪಾಳಿ ಮುಗಿಸಿ, ಬಸ್ಸು ಹಿಡಿದು, ಬಳ್ಳಾರಿ ತಲುಪಿ ಮಲಗುವ ಹೊತ್ತಿಗೆ ಎಂಟು ಗಂಟೆ ದಾಟಿರುತ್ತದೆ. "ಅಕ್ಕ, ಜಗಳಕ್ಕೆ ಬಂದಿಲ್ಲ. ನಿಮ್ಮ ನಾಯಿ ಬೊಗಳುವುದರಿಂದ ಮೂರು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ಕೆಂಚನಿಗೆ ಏನಾದರೂ ಮಾಡಿ" ಎಂದು ಕೈಮುಗಿದ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಸುಮ್ಮನಾಗುತ್ತಿದ್ದೆನೇನೋ. ಅವನು ಕೈಮುಗಿದದ್ದು ಮನಸ್ಸಿಗೆ ಚುಚ್ಚಿತು. ನಿದ್ದೆಗೆಟ್ಟ ಮನುಷ್ಯ ರಾತ್ರಿಯೆಲ್ಲ ಕುಲುಮೆಯ ಹತ್ತಿರ ನಿಲ್ಲಬೇಕಲ್ಲ ಎಂದು ನೆನೆದು ಹೆದರಿಕೆಯೂ ಆಯಿತು.

ನಾನು ಕೌಲ್‌ಬಜಾರಿನ ಮನೆಯಲ್ಲೇ ಜೀನ್ಸ್ ಪ್ಯಾಂಟುಗಳನ್ನು ಹೊಲಿಯುತ್ತೇನೆ. ಕತ್ತರಿಸಿದ ಬಟ್ಟೆಯ ಬಂಡಲ್ ಮನೆಗೇ ಬರುತ್ತದೆ, ಹೊಲಿದದ್ದು ಮನೆಯಿಂದಲೇ ಹೋಗುತ್ತದೆ. ಮೋಟಾರ್ ಹಾಕಿದ ಯಂತ್ರ ದಿನವಿಡೀ ಓಡುತ್ತಿರುವಾಗ ಕೆಂಚ ಎಷ್ಟು ಬೊಗಳುತ್ತಾನೆ ಎಂಬುದು ನನ್ನ ಗಮನಕ್ಕೆ ಬರುತ್ತಲೇ ಇರಲಿಲ್ಲ. ಆ ದಿನ ಯಂತ್ರ ನಿಲ್ಲಿಸಿ ಕುಳಿತು ಕೇಳಿದೆ. ಒಂದು ಗಂಟೆಯೊಳಗೆ ಒಂಬತ್ತು ಸಲ ಬೊಗಳಲು ಶುರುಮಾಡಿದ, ಒಂದೊಂದು ಸಲವೂ ಎರಡು ಮೂರು ನಿಮಿಷ ನಿಲ್ಲಿಸಲಿಲ್ಲ.

ಕೆಂಚನಿಗೆ ಆಗ ನಾಲ್ಕು ವರ್ಷ. ಮಳೆಯಲ್ಲಿ ಚರಂಡಿ ಪಕ್ಕ ಸಿಕ್ಕ ನಾಡು ನಾಯಿಮರಿಯನ್ನು ನನ್ನ ಮಗ ಎತ್ತಿಕೊಂಡು ಬಂದಿದ್ದ. ಅವನನ್ನು ಬಿಡುವ ಮಾತೇ ಇರಲಿಲ್ಲ. ಹೊಡೆಯುವುದೂ ನನ್ನಿಂದ ಆಗದು. ಮೊಬೈಲಿನಲ್ಲಿ ಹುಡುಕಿದಾಗ ಮಗನಿಗೆ ಸಿಕ್ಕಿದ್ದು, ಗೋಡೆಗೆ ನೇತುಹಾಕುವ ಹಕ್ಕಿಗೂಡಿನ ಆಕಾರದ ಡಬ್ಬಿ. ಒಳಗೆ ಒಂದು ಮೈಕ್, ಒಂದು ಸ್ಪೀಕರ್, 9 ವೋಲ್ಟಿನ ಬ್ಯಾಟರಿ. ನಾಯಿ ಬೊಗಳಿದ ಕೂಡಲೇ ಮೈಕ್ ಅದನ್ನು ಹಿಡಿದು, ಮನುಷ್ಯರಿಗೆ ಕೇಳದ, ನಾಯಿಗೆ ಕಿರಿಕಿರಿಯಾಗುವ ಸದ್ದನ್ನು ಹೊರಡಿಸುತ್ತದೆ. ಐವತ್ತು ಅಡಿ ದೂರದವರೆಗೆ ಕೆಲಸ ಮಾಡುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು. ಕೆಂಚ ಬೊಗಳಿದ, ಕೆಂಪು ದೀಪ ಹೊತ್ತಿತು, ನನಗೆ ಏನೂ ಕೇಳಿಸಲಿಲ್ಲ. ಕೆಂಚ ಮಾತ್ರ ತಟ್ಟನೆ ಬಾಯಿ ಮುಚ್ಚಿ, ಕಿವಿ ನಿಮಿರಿಸಿ ಸುತ್ತ ನೋಡಿದ. ಮನುಷ್ಯನ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳ ಸದ್ದಿನವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ನಾಯಿಗೆ ಸುಮಾರು 45 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ ಎಂದು ಪಿಯುಸಿಯಲ್ಲಿ ವಿಜ್ಞಾನ ಓದುವ ಮಗ ಹೇಳಿದ. ಡಬ್ಬಿಯಲ್ಲಿ ಸದ್ದಿನ ಕಂಪನವನ್ನು ಏರಿಸಿ ಇಳಿಸಲು ಮೂರು ಹಂತಗಳಿದ್ದವು. ಕೆಳಗಿನ ಹಂತಕ್ಕೆ ತಿರುಗಿಸಿದಾಗ ತಂಗಿಯ ಒಂಬತ್ತು ವರ್ಷದ ಮಗಳು ಎರಡೂ ಕಿವಿ ಮುಚ್ಚಿಕೊಂಡು "ದೊಡ್ಡಮ್ಮ, ಕೀ ಎನ್ನುತ್ತಿದೆ, ನಿಲ್ಲಿಸು" ಎಂದಳು. ನನಗೂ ಮಗನಿಗೂ ಕೇಳದ ಸದ್ದು ಆ ಮಗುವಿಗೆ ಕೇಳುತ್ತಿತ್ತು. ಪಕ್ಕದ ಮನೆಯಲ್ಲಿ ಆರು ತಿಂಗಳ ಕೂಸಿದೆ. ಆ ಹಂತವನ್ನು ನಾನು ಮತ್ತೆ ಮುಟ್ಟಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇದನ್ನು ಕೊಂಡ ದಿನವೇ ಪರೀಕ್ಷಿಸಿ ನೋಡಬೇಕು.

ಮೂರು ದಿನ ಮನೆ ಶಾಂತವಾಗಿತ್ತು. ನಾಲ್ಕನೆಯ ದಿನ ಕೆಂಚ ನೀರಿನ ತೊಟ್ಟಿಯ ಹಿಂದೆ ನಿಂತು ಬೊಗಳತೊಡಗಿದ. ಡಬ್ಬಿಯ ದೀಪ ಹೊತ್ತುತ್ತಿತ್ತು, ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಗ ನನ್ನ ಅಳತೆ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದ: ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಡಬ್ಬಿಯ ಸದ್ದು 25 ಕಿಲೋಹರ್ಟ್ಸ್ ಎಂದುಕೊಂಡರೆ ಅದರ ಒಂದು ಅಲೆಯ ಉದ್ದ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಅಷ್ಟು ಚಿಕ್ಕ ಅಲೆ ದೊಡ್ಡ ಅಡ್ಡಿಯನ್ನು ಬಳಸಿಕೊಂಡು ಹೋಗುವುದಿಲ್ಲ, ಗಾಳಿಯಲ್ಲೂ ಬೇಗ ಕರಗುತ್ತದೆ. ನಮ್ಮ ಮಾತು ಗೋಡೆಯ ಮೂಲೆ ತಿರುಗಿ ಕೇಳಿಸುತ್ತದೆ. ಈ ಸದ್ದಿಗೆ ಬೆಳಕಿನಂತೆ ನೆರಳು ಬೀಳುತ್ತದೆ. ಸಿಮೆಂಟಿನ ತೊಟ್ಟಿಯ ಹಿಂದೆ ಆ ನೆರಳು ಎಲ್ಲಿದೆ ಎಂಬುದನ್ನು ಕೆಂಚ ಮೂರೇ ದಿನದಲ್ಲಿ ಕಂಡುಹಿಡಿದಿದ್ದ.

ಅದಕ್ಕಿಂತ ಕೆಟ್ಟದ್ದು ಮುಂದಿನ ವಾರ ಆಯಿತು. ಓಣಿಯಲ್ಲಿ ಬೀದಿನಾಯಿಗಳು ಬೊಗಳಿದರೂ ಡಬ್ಬಿಯ ದೀಪ ಹೊತ್ತುತ್ತಿತ್ತು. ಮೈಕಿಗೆ ಬೊಗಳಿದವರು ಯಾರು ಎಂದು ತಿಳಿಯುವುದಿಲ್ಲ. ಕೆಂಚ ನೆಲಕ್ಕೆ ತಲೆಯಿಟ್ಟು ಸುಮ್ಮನೆ ಮಲಗಿದ್ದಾಗಲೂ ಆ ಸದ್ದು ಅವನ ಕಿವಿಗೆ ಹೊಡೆಯುತ್ತಿತ್ತು. ಅವನು ಅಂಗಳಕ್ಕೆ ಬರುವುದನ್ನೇ ಬಿಟ್ಟ. ಬಚ್ಚಲಮನೆಯ ಮೂಲೆಯಲ್ಲಿ ಬಾಲ ಮುದುರಿ ಕುಳಿತು ಮತ್ತೆ ಮತ್ತೆ ಆಕಳಿಸುತ್ತಿದ್ದ, ತುಟಿ ನೆಕ್ಕಿಕೊಳ್ಳುತ್ತಿದ್ದ. ಒಂದು ದಿನ ಅಲ್ಲೇ ಉಚ್ಚೆ ಹೊಯ್ದ. ಮಾಡದ ತಪ್ಪಿಗೆ ಶಿಕ್ಷೆ ಕೊಟ್ಟವಳು ನಾನು. ಅಂದೇ ಡಬ್ಬಿಯನ್ನು ಕಿತ್ತು ಅಟ್ಟಕ್ಕೆ ಹಾಕಿದೆ.

ಮರುದಿನ ಪಶು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಿವಿಯಲ್ಲಿ ಸೋಂಕಿದ್ದರೆ ಈ ಸಾಧನದ ಮಾತೇ ಎತ್ತಬಾರದು, ಮುದಿ ನಾಯಿಗೆ ಕೇಳುವ ಶಕ್ತಿ ಇಳಿದಿದ್ದರೆ ಅದರಿಂದ ಪ್ರಯೋಜನವೂ ಇಲ್ಲ ಎಂದರು. ಬಳಿಕ ಅವರು ಕೇಳಿದ ಪ್ರಶ್ನೆಯನ್ನು ನಾನೇ ಮೊದಲ ದಿನ ಕೇಳಿಕೊಳ್ಳಬೇಕಿತ್ತು: "ಯಾವುದನ್ನು ನೋಡಿ ಬೊಗಳುತ್ತಾನೆ?"

ಒಂದು ವಾರ ಯಂತ್ರದ ಪಕ್ಕ ಪುಸ್ತಕ ಇಟ್ಟುಕೊಂಡು ಬರೆದೆ. ಬೆಳಿಗ್ಗೆ ತರಕಾರಿ ಗಾಡಿ. ಹತ್ತೂವರೆಗೆ ಬಂಡಲ್ ತರುವ ಹುಡುಗನ ಸ್ಕೂಟರ್. ಹೂವಿನವಳು. ಶಾಲೆಯ ಆಟೋ. ಹೊತ್ತು ಗೊತ್ತಿಲ್ಲದೆ ಚರಂಡಿಗೆ ಬರುವ ಹಂದಿಗಳು. ಸಂಜೆ ಮತ್ತೆ ಬಂಡಲ್ ಸ್ಕೂಟರ್. ಹೆಚ್ಚುಕಡಿಮೆ ಎಲ್ಲವೂ ಗೇಟಿನ ಸರಳುಗಳ ನಡುವೆ ಕಂಡವುಗಳೇ. ತರಕಾರಿ ಗಾಡಿ ಹೇಗೂ ಮುಂದೆ ಹೋಗುತ್ತದೆ. ಆದರೆ ತಾನು ಬೊಗಳಿದ್ದರಿಂದಲೇ ಅದು ಓಡಿಹೋಯಿತು ಎಂದು ಕೆಂಚ ದಿನವೂ ಗೆಲ್ಲುತ್ತಿದ್ದ. ಗೆಲ್ಲುವ ಕೆಲಸವನ್ನು ಯಾರು ಬಿಡುತ್ತಾರೆ?

ಹಾಗಾಗಿ ಮೊದಲು ಮಾಡಿದ್ದು, ನೆರಳಿಗೆ ಕಟ್ಟುವ ಹಸಿರು ಬಲೆಯನ್ನು ಎರಡು ಮಡಿಕೆ ಮಾಡಿ ಗೇಟಿಗೆ ನಾಲ್ಕು ಅಡಿ ಎತ್ತರಕ್ಕೆ ಹೊಲಿದದ್ದು. ಜೀನ್ಸ್ ದಾರದಲ್ಲೇ ಹೊಲಿದೆ, ಇವತ್ತಿಗೂ ಹರಿದಿಲ್ಲ. ಅದೊಂದರಿಂದಲೇ ಬೊಗಳುವುದು ಅರ್ಧಕ್ಕೆ ಇಳಿಯಿತು. ಎರಡನೆಯದು ಬೆಳಗಿನ ತಿರುಗಾಟ. ಬಳ್ಳಾರಿಯ ಬೇಸಿಗೆಯಲ್ಲಿ ಡಾಂಬರು ಎಷ್ಟು ಕಾಯುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅಂಗೈ ಹಿಂಭಾಗವನ್ನು ರಸ್ತೆಗೆ ಐದು ಸೆಕೆಂಡ್ ಇಟ್ಟು ನೋಡಿ. ನಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯಲಾಗದು. ಐದೂವರೆಗೇ ಹೊರಟು, ಅವನು ಮೂಸಬೇಕೆಂದಲ್ಲೆಲ್ಲ ನಿಂತು ಮೂಸಲು ಬಿಟ್ಟು, ಮುಕ್ಕಾಲು ಗಂಟೆ ತಿರುಗಿಸಿ ತರುತ್ತೇನೆ. ನಡೆಯುವುದಕ್ಕಿಂತ ಆ ಮೂಸುವುದರಿಂದಲೇ ಅವನ ಮನಸ್ಸು ತಣಿಯುತ್ತದೆ ಎಂಬುದು ನನ್ನ ಅನುಭವ.

ಇಷ್ಟಾದ ಮೇಲೆ ಉಳಿದದ್ದು, ಗೇಟಿಗೇ ಬಂದು ನಿಲ್ಲುವವರನ್ನು ಕಂಡು ಬೊಗಳುವುದು. ಇದಕ್ಕೆ ಮತ್ತೆ ಅದೇ ಬಗೆಯ ಸದ್ದನ್ನು ಬಳಸಿದೆ, ಆದರೆ ಈ ಸಲ ಕೈಯಲ್ಲಿ ಹಿಡಿಯುವ, ಗುಂಡಿ ಒತ್ತಿದರೆ ಮಾತ್ರ ಸದ್ದು ಮಾಡುವ ಸಾಧನ. ಮತ್ತೆ ಅದೇ ತಪ್ಪು ಮಾಡುತ್ತಿದ್ದೇನೆಯೇ ಎಂದು ಅಳುಕಿದ್ದೆ. ಆಗ ಮಗ ಎಲ್ಲೋ ಓದಿದ್ದನ್ನು ಹೇಳಿದ: ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ 1876ರಲ್ಲೇ ಇಂಥ ಸೀಟಿ ಮಾಡಿ, ಅದನ್ನು ಊರುಗೋಲಿಗೆ ಅಳವಡಿಸಿಕೊಂಡು ಪ್ರಾಣಿಗಳ ಹತ್ತಿರ ಊದಿ, ಅವು ಕಿವಿ ನಿಮಿರಿಸುತ್ತವೆಯೇ ಎಂದು ನೋಡುತ್ತಿದ್ದನಂತೆ. ಇಂದಿಗೂ ಅಂಥ ಸೀಟಿಯಿಂದ ನಾಯಿಗಳನ್ನು ಹತ್ತಿರ ಕರೆಯುವವರಿದ್ದಾರೆ. ಸದ್ದು ಶಿಕ್ಷೆಯೇ ಆಗಬೇಕಿಲ್ಲ, ಅವನ ತಲೆ ನನ್ನ ಕಡೆ ತಿರುಗಿದರೆ ಸಾಕು ಎಂದು ನನಗೆ ಹೊಳೆದದ್ದು ಆಗಲೇ.

ಮಾಡಿದ ಕ್ರಮ ಹೀಗೆ. ಜೋಳದ ಕಟಕು ರೊಟ್ಟಿಯ ಚೂರುಗಳನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡೆ. ಬಂಡಲ್ ಹುಡುಗನಿಗೆ ಮೊದಲೇ ಹೇಳಿ, ಗೇಟಿನ ಆಚೆ ಐದು ನಿಮಿಷ ನಿಲ್ಲಿಸಿದೆ. ಕೆಂಚ ಬೊಗಳಿದಾಗ ಗಟ್ಟಿ ದನಿಯಲ್ಲಲ್ಲ, ಸಾಧಾರಣ ದನಿಯಲ್ಲಿ "ಸಾಕು" ಎಂದೆ. ನಿಲ್ಲಿಸದಿದ್ದರೆ ಹತ್ತು ಅಡಿ ದೂರದಿಂದ ಒಂದೇ ಸೆಕೆಂಡ್ ಗುಂಡಿ ಒತ್ತಿದೆ. ಅವನು ಬಾಯಿ ಮುಚ್ಚಿ ತಿರುಗಿದ ಆ ಕ್ಷಣದಲ್ಲೇ ರೊಟ್ಟಿ ಕೊಟ್ಟೆ. ಎಲ್ಲವೂ ಆ ಕ್ಷಣದಲ್ಲೇ ಇದೆ. ತಡವಾದರೆ ಅವನು ಮತ್ತೊಂದು ಸಲ ಬೊಗಳಿರುತ್ತಾನೆ, ರೊಟ್ಟಿ ಆ ಬೊಗಳಿಗೆ ಸಲ್ಲುತ್ತದೆ. ಹೊಲಿಗೆಯಲ್ಲಿ ಸೂಜಿ ಮತ್ತು ಕಾಲು ಹೊಂದಿಕೊಳ್ಳುವ ಹಾಗೆ ಇದು ಕೈಗೆ ಹತ್ತಲು ನನಗೆ ನಾಲ್ಕೈದು ದಿನ ಬೇಕಾಯಿತು.

ಮೊದಲು ಎರಡು ಸೆಕೆಂಡ್ ಮೌನಕ್ಕೆ ಒಂದು ಚೂರು. ಆಮೇಲೆ ಐದು, ಹತ್ತು, ಅರ್ಧ ನಿಮಿಷ. ಎರಡನೆಯ ವಾರ ಅವನು ಇದ್ದಕ್ಕಿದ್ದಂತೆ ಮೊದಲಿಗಿಂತ ಜೋರಾಗಿ ಬೊಗಳಿದ. ಹಳೆಯ ಉಪಾಯ ನಡೆಯದಿದ್ದಾಗ ಅದನ್ನೇ ಇನ್ನಷ್ಟು ಬಲವಾಗಿ ಪ್ರಯತ್ನಿಸುವುದು ಪ್ರಾಣಿಗಳ ಸ್ವಭಾವ, ಎರಡು ಮೂರು ದಿನ ತಾಳಿಕೊಳ್ಳಿ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ. ನಾನು ಪಕ್ಕದ ಮನೆಯ ಹುಡುಗನಿಗೆ ಹೇಳಿಬಂದೆ: "ಇನ್ನು ಮೂರು ದಿನ ಸಹಿಸಿಕೊಳ್ಳಪ್ಪ." ಅವನು ಆ ಮೂರು ದಿನ ನಮ್ಮ ಗೋಡೆಗೆ ತಾಗದ ಹಿಂದಿನ ಕೋಣೆಯಲ್ಲಿ ಮಲಗಿದ.

ಮೂರನೆಯ ವಾರದಿಂದ ಗುಂಡಿ ಒತ್ತುವುದು ದಿನಕ್ಕೆ ಒಂದೆರಡು ಸಲಕ್ಕೆ ಇಳಿಯಿತು, "ಸಾಕು" ಎಂಬ ಮಾತೇ ಸಾಲುತ್ತಿತ್ತು. ಹೂವಿನವಳಿಗೆ ನಾನೇ ರೊಟ್ಟಿ ಚೂರು ಕೊಟ್ಟು, ಅವಳ ಕೈಯಿಂದಲೇ ಹಾಕಿಸಿದೆ. ಈಗ ಅವಳು ಬಂದರೆ ಕೆಂಚ ಬಾಲ ಅಲ್ಲಾಡಿಸಿ ಕೂರುತ್ತಾನೆ.

ಓಣಿಯ ಒಬ್ಬರು, ಎದುರು ಮನೆಯ ನಾಯಿಗೆ ತೋರಿಸಿ ಒತ್ತುತ್ತೇನೆ, ಆ ಸಾಧನವನ್ನು ಒಂದು ವಾರ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಗೋಡೆಯ ಆಚೆಯಿರುವ ನಾಯಿಗೆ ಸದ್ದನ್ನು ಕೊಡಬಹುದು, ಸುಮ್ಮನಾದದ್ದಕ್ಕೆ ರೊಟ್ಟಿ ಕೊಡಲು ಆಗುವುದಿಲ್ಲ. ಒಂಟಿಯಾಗಿ ಬಿಟ್ಟು ಹೋದಾಗ ಹೆದರಿ ಅರಚುವ ನಾಯಿಗಂತೂ ಇದನ್ನು ಬಳಸಲೇಬೇಡಿ. ಅದು ಭಯಕ್ಕೆ ಕೂಗುತ್ತಿರುತ್ತದೆ, ಅದರ ಮೇಲೆ ಇನ್ನೊಂದು ಭಯ ಹಾಕಿದಂತಾಗುತ್ತದೆ.

ಜೂನ್ ಹೊತ್ತಿಗೆ ಸಾಧನದ ಬ್ಯಾಟರಿ ತೆಗೆದು ಬಾಬಿನ್ ಡಬ್ಬಿಯಲ್ಲಿ ಇಟ್ಟೆ, ಮತ್ತೆ ಹಾಕಿಲ್ಲ. ಬಂಡಲ್ ಸ್ಕೂಟರ್ ಬಂದರೆ ಕೆಂಚ ಎರಡು ಸಲ ಬೊಗಳಿ, ಯಂತ್ರದ ಬಳಿ ಬಂದು ನನ್ನ ಮೊಣಕಾಲಿಗೆ ಮೂತಿ ಇಡುತ್ತಾನೆ. ಆ ಎರಡನ್ನು ನಾನು ತಡೆಯುವುದಿಲ್ಲ. ಯಾರೋ ಬಂದರೆಂದು ಯಂತ್ರದ ಸದ್ದಿನಲ್ಲಿ ನನಗೆ ತಿಳಿಯುವುದೇ ಅದರಿಂದ. ಹಂದಿಗಳನ್ನು ಕಂಡಾಗ ಮಾತ್ರ "ಸಾಕು" ಇನ್ನೂ ಸಾಲುತ್ತಿಲ್ಲ. ಗೇಟಿನ ಕೆಳಗೆ ಒಂದು ಗೇಣು ಸಂದಿಯಿದೆ, ಅಲ್ಲಿಂದ ಅವುಗಳ ಕಾಲು ಕಾಣುತ್ತವೆ. ಈ ತಿಂಗಳ ಮಜೂರಿ ಕೈಸೇರಿದ ಮೇಲೆ ಅದಕ್ಕೊಂದು ತಗಡು ಹೊಡೆಸಬೇಕು.