ನಮ್ಮ ಸ್ಕೂಲಿನ ಎಸ್‌ಡಿಎಂಸಿ ಎಲೆಕ್ಷನ್: ಗೆದ್ದಿದ್ದು, ಸೋತಿದ್ದು, ಮತ್ತೆ ಗೆದ್ದಿದ್ದು

ಎಸ್‌ಡಿಎಂಸಿಗೆ, ಅಂದ್ರೆ ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನಿಲ್ಬೇಕು ಅಂತಿದೀನಿ, ಏನ್ ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನ್ ವಾಪಸ್ ಕೇಳೋದು ಒಂದೇ, ಪೋಷಕರ ಸಭೆ ಯಾವ ವಾರ ಇಟ್ಟಿದಾರೆ, ಎಷ್ಟ್ ಗಂಟೆಗೆ? ಅರ್ಧ ಎಲೆಕ್ಷನ್ ಅಲ್ಲೇ ಮುಗ್ದೋಗಿರುತ್ತೆ.

ನಂದು ಪೀಣ್ಯ ಕಡೆ ಒಂದು ಸಣ್ಣ ಟೈಲರಿಂಗ್ ಅಂಗಡಿ, ಬ್ಲೌಸು, ಫಾಲ್ಸು, ಜಿಗ್‌ಜಾಗು. ಮಕ್ಕಳಿಬ್ರೂ ಓದಿದ್ದು ಅಲ್ಲೇ ಹಿಂದಿನ ರೋಡಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ. 2016ರಲ್ಲಿ ಫಸ್ಟ್ ಟೈಮ್ ಮೆಂಬರ್ ಆದೆ, ಅದನ್ನ ಎಲೆಕ್ಷನ್ ಅನ್ನೋಕಾಗಲ್ಲ ಬಿಡಿ. ಮಗಳನ್ನ ಕರ್ಕೊಂಡ್ ಬರೋಕೆ ಹೋಗಿದ್ದೆ, ಎಚ್ಎಂ (ಮುಖ್ಯ ಶಿಕ್ಷಕಿ) ಮೇಡಂ "ಲೇಡೀಸ್ ಕಮ್ಮಿ ಬೀಳ್ತಿದಾರೆ, ನಿಮ್ ಹೆಸರು ಬರ್ಕೊಳ್ಲಾಮ್ಮ" ಅಂದ್ರು, ಹೂಂ ಅಂದೆ, ಅವಿರೋಧ ಆಯ್ಕೆ! ನಮ್ ರಾಜ್ಯದಲ್ಲಿ ಎಸ್‌ಡಿಎಂಸಿ ಅನ್ನೋದು 2001ರ ಏಪ್ರಿಲ್‌ನಲ್ಲೇ ಸರ್ಕಾರಿ ಆದೇಶದಿಂದ ಶುರುವಾಗಿತ್ತು, ಆಮೇಲೆ 2010ರಲ್ಲಿ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, ಜಾರಿಗೆ ಬಂದ್ಮೇಲೆ ಸಮಿತೀಲಿ ಮುಕ್ಕಾಲು ಭಾಗ ಪೋಷಕರೇ ಇರ್ಬೇಕು, ಅರ್ಧ ಹೆಂಗಸರಿರ್ಬೇಕು ಅಂತಾಯ್ತು. ಲೇಡೀಸ್ ಕಮ್ಮಿ ಬಿದ್ದಿದ್ದು ಅದಕ್ಕೇ. ಸಂಬಳ ಗಿಂಬಳ ಏನಿಲ್ಲ, ಮೀಟಿಂಗಲ್ಲಿ ಒಂದು ಟೀ.

ಹಂಗಾದ್ರೆ ಜನ ಯಾಕ್ ಇದಕ್ಕೆ ಕಿತ್ತಾಡ್ತಾರೆ ಅಂದ್ರೆ, ಶಾಲೆ ಅನುದಾನದ ದುಡ್ಡು ತೆಗೀಬೇಕಾದ್ರೆ ಎಚ್ಎಂ ಜೊತೆ ಅಧ್ಯಕ್ಷರ ಸೈನೂ ಬೀಳ್ಬೇಕು. ದೊಡ್ಡ ಮೊತ್ತ ಅಲ್ಲ ಅದು, ಆದ್ರೂ ಬಣ್ಣ ಹೊಡಿಸೋದು, ನಲ್ಲಿ ರಿಪೇರಿ ಮಾಡ್ಸೋದು ಯಾರಿಗ್ ಕೊಡ್ಬೇಕು ಅನ್ನೋ ಮಾತು ಇರುತ್ತಲ್ಲ. ಅದಕ್ಕಿಂತ ಹೆಚ್ಚಾಗಿ ಫ್ಲೆಕ್ಸಲ್ಲಿ ಹೆಸರಿನ ಕೆಳಗೆ ಹಾಕ್ಕೊಳೋಕೆ ಒಂದು ಪೋಸ್ಟು.

2019ರಲ್ಲಿ ನಾನೇ ಇಷ್ಟಪಟ್ಟು ನಿಂತೆ, ಸೋತೆ. ಸಭೆ ಇಟ್ಟಿದ್ದು ವರ್ಕಿಂಗ್ ಡೇ, ಬೆಳಗ್ಗೆ ಹನ್ನೊಂದಕ್ಕೆ, ನೋಟಿಸು ಬೋರ್ಡಲ್ಲಿ ಅಂಟಿಸಿದ್ರು ಅಷ್ಟೇ. ನಮ್ಮಲ್ಲಿ ತಾಯಂದಿರು ಮುಕ್ಕಾಲು ಜನ ಗಾರ್ಮೆಂಟ್ಸಿಗೆ ಹೋಗೋರು, ಗಂಡಸರು ಸೆಂಟ್ರಿಂಗು, ಗಾರೆ ಕೆಲಸ, ಒಂದಿನ ರಜಾ ಹಾಕಿದ್ರೆ ಒಂದಿನದ ಕೂಲಿ ಹೋಯ್ತು. ಬಂದಿದ್ದೋರು ಯಾರಂದ್ರೆ ಏರಿಯಾದ ಒಬ್ರು ಲೀಡರ್ ಕಡೆಯೋರು, ಅದ್ರಲ್ಲಿ ಕೆಲವರ ಮಕ್ಕಳು ಆ ಸ್ಕೂಲಲ್ಲೇ ಇಲ್ಲ! ಕೇಳಿದ್ರೆ "ಅಯ್ಯೋ ನಮ್ಮೋರೇ ಬಿಡಮ್ಮ" ಅಂದ್ರು, ಕೈ ಎತ್ಸಿದ್ರು, ಮುಗೀತು.

2022ಕ್ಕೆ ಬರೋಷ್ಟರಲ್ಲಿ ನಾವೊಂದಿಷ್ಟು ತಾಯಂದಿರು ಸೇರ್ಕೊಂಡಿದ್ವಿ. ಭಾನುವಾರವೇ ಸಭೆ ಇಡಿ ಅಂತ ಎಚ್ಎಂಗೆ ಅರ್ಜಿ ಬರ್ದು ಕೊಟ್ವಿ, ಕೆಳಗೆ ಸಹಿ ಹಾಕಿದೋರಿಗಿಂತ ಹೆಬ್ಬೆಟ್ಟು ಒತ್ತಿದೋರೇ ಜಾಸ್ತಿ. ಆಗ ಇದ್ದ ಎಚ್ಎಂ ಒಳ್ಳೇವ್ರು, ಒಪ್ಕೊಂಡ್ರು. ದಾಖಲಾತಿ ಲಿಸ್ಟನ್ನ ಗೇಟಲ್ಲೇ ಇಟ್ಕೊಂಡು ಮಗು ಹೆಸರು, ಕ್ಲಾಸು ಕೇಳಿ ಒಳಗ್ ಬಿಡೋದು, ಮನೆಗೊಂದು ಚೀಟಿ ಅಂತ ಮಾತಾಡ್ಕೊಂಡ್ವಿ. ನೋಟಿಸನ್ನ ಮಕ್ಕಳ ಕೈಲಿ ಕಳ್ಸಿದ್ರು, ಆದ್ರೆ ಓದೋಕ್ ಬರ್ಬೇಕಲ್ಲ, ಅದಕ್ಕೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜು, ನಾನು ಕನ್ನಡದಲ್ಲಿ, ಪಕ್ಕದ್ಮನೆ ಆಂಟಿ ತೆಲುಗಲ್ಲಿ, ಇನ್ನೊಬ್ರು ಉರ್ದೂಲಿ.

ಮನೆ ಮನೆಗೆ ಹೋದಾಗ ನಾನು ಅಂದ್ಕೊಂಡೇ ಇರ್ದಿದ್ದ ಪ್ರಶ್ನೆ ಬಂತು. ಶೆಡ್ಡಲ್ಲಿರೋ ರಾಯಚೂರು ಕಡೆ ಹೆಣ್ಮಗಳು ರೊಟ್ಟಿ ಬಡೀತಾ ಬಡೀತಾನೇ, "ನಮ್ ಓಟು ಊರಾಗ ಐತಿ ಅಕ್ಕಾರ, ಇಲ್ಲಿ ನಡೀತೈತೇನ್ರಿ?" ಅಂದ್ಳು. ನಡೀತದೆ ಕಣಮ್ಮ, ವೋಟರ್ ಐಡಿ ಬೇಡ, ಆಧಾರ್ ಬೇಡ, ನಿನ್ ಮಗಳ ಹೆಸರು ಹಾಜರಿ ಪುಸ್ತಕದಲ್ಲಿದೆಯಲ್ಲ ಅದೇ ಸಾಕು ಅಂದೆ. ನಂಬ್ಲೇ ಇಲ್ಲ ಅವ್ಳು, ಗಂಡನ್ನ ಕರ್ದು ಇನ್ನೊಂದ್ಸಲ ಹೇಳಿಸ್ಕೊಂಡ್ಳು. ನೋಡಿ, ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೇ ಮುಗ್ದಿತ್ತು, ವಾರ್ಡಿಗೆ ಕೇಳೋರೇ ಇರ್ಲಿಲ್ಲ, ಅಂಥ ಟೈಮಲ್ಲಿ ಬೆಂಗಳೂರಲ್ಲಿ ಈ ಜನಕ್ಕೆ ಸಿಕ್ಕ ಒಂದೇ ಓಟು ಇದು.

ಓಟಿಂಗ್ ದಿನ ಹೆಸರು ಬರೆಯೋಕ್ ಬರ್ದೇ ಇರೋರಿಗೆ ಏನ್ ಮಾಡೋದು ಅನ್ನೋದೇ ತಲೆನೋವಾಗಿತ್ತು. ಒಬ್ಬೊಬ್ಬ ಕ್ಯಾಂಡಿಡೇಟಿಗೂ ಒಂದನೇ ಕ್ಲಾಸಿನ ಮಕ್ಕಳ ಸ್ಲೇಟ್ ಕೊಟ್ಟು ಅದ್ರಲ್ಲಿ ನಂಬರ್ ಬರ್ಸಿ, ಎದೆ ಮುಂದೆ ಹಿಡ್ಕೊಂಡು ಲೈನಾಗಿ ನಿಲ್ಸಿದ್ರು. ನಂಬರ್ ಅಂದ್ರೆ ಮೊಬೈಲ್ ಇಟ್ಕೊಂಡಿರೋ ಎಲ್ಲರಿಗೂ ಗೊತ್ತು. ಪೋಲೀಸ್ ಸ್ಟೇಷನ್ನಲ್ಲಿ ಫೋಟೋ ತೆಗ್ಸ್ಕೊಳೋ ಥರ ಆಯ್ತು ನಮ್ ಕಥೆ, ಎಲ್ರೂ ಬಿದ್ದು ಬಿದ್ದು ನಕ್ರು. ಬಿಸಿಯೂಟದ ರೂಮಿನ ಖಾಲಿ ಡಬ್ಬಿ ಬ್ಯಾಲೆಟ್ ಬಾಕ್ಸು. ಹದಿನೆಂಟು ಜನ ಪೋಷಕ ಸದಸ್ಯರು, ಅದ್ರಲ್ಲಿ ಎಸ್‌ಸಿ, ಎಸ್‌ಟಿ, ಅಲ್ಪಸಂಖ್ಯಾತರು ಹಿಂಗೆ ಸೀಟುಗಳು ಬೇರೆ ಬೇರೆ, ಎಣಿಸಿ ಮುಗ್ಸೋಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಆ ಲೀಡರ್ ಕಡೆಯೋರೂ ಕೆಲವರು ಗೆದ್ರು, ಗೆಲ್ಲಲಿ, ಅವ್ರ ಮಕ್ಕಳೂ ಅಲ್ಲೇ ಓದ್ತಿದ್ರು. ನನ್ನ ಅಧ್ಯಕ್ಷೆ ಮಾಡಿದ್ರು.

ಆಮೇಲಿಂದೆಲ್ಲಾ ಹೆಚ್ಚು ಹೇಳೋಕಿಲ್ಲ. ಹೆಣ್ಮಕ್ಕಳ ಟಾಯ್ಲೆಟ್ಟಿಗೆ ಬಾಗ್ಲು, ನೀರು ಬಂತು. ಗಣಿತಕ್ಕೆ ಮೇಷ್ಟ್ರು ಇರ್ಲಿಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಮೇಲೆ ಅರ್ಜಿ ಹಾಕಿದ್ಮೇಲೆ ಅತಿಥಿ ಶಿಕ್ಷಕರು ಬಂದ್ರು, ಕಾಯಂ ಪೋಸ್ಟ್ ಮಾತ್ರ ತುಂಬ್ಸೋಕಾಗ್ಲಿಲ್ಲ, ಅದು ಸಮಿತಿ ಕೈಲಿರೋ ಕೆಲಸಾನೂ ಅಲ್ಲ. 2025ಕ್ಕೆ ಮೂರು ವರ್ಷದ ಅವಧಿ ಮುಗೀತು, ಮಗನೂ ಏಳನೇ ಕ್ಲಾಸ್ ಮುಗ್ಸಿ ಹೈಸ್ಕೂಲಿಗೆ ಹೋದ, ಮಗು ಸ್ಕೂಲಲ್ಲಿ ಇಲ್ದಿದ್ರೆ ಪೋಷಕರ ಸೀಟಿಗೆ ನಿಲ್ಲೋಕ್ ಬರಲ್ಲ. ಈ ಸಲದ ಸಭೇನೂ ಭಾನುವಾರವೇ ಇಟ್ರು, ನಾವ್ ಯಾರೂ ಕೇಳಿರ್ಲಿಲ್ಲ.